ಕಂಬದ ಪಕ್ಕದ ಟೇಬಲ್ಲು

ಆ ಮನೆಯಲ್ಲಿ ಟೂರಿನ ವಾರ ಎಂದರೆ ಗಂಜಿ. ಬೇರೆ ಮನೆಗಳಲ್ಲಿ ಯಜಮಾನ ಊರಲ್ಲಿಲ್ಲ ಎಂದರೆ ಹೆಂಗಸರು ಮಕ್ಕಳು ಕಾಲು ಚಾಚಿ ಕೂತು, ಬೇಕೆನಿಸಿದ್ದನ್ನು ಮಾಡಿಕೊಂಡು ತಿನ್ನುತ್ತಾರೆ. ಇಲ್ಲಿ ಎಲ್ಲ ತಿರುಗುಮುರುಗು. ಯಜಮಾನರು ಪೆಟ್ಟಿಗೆ ಹಿಡಿದು ಬೀದಿಯ ತಿರುವು ದಾಟಿದ ಕೂಡಲೇ ಎಣ್ಣೆ ಡಬ್ಬಿ, ಸಕ್ಕರೆ ಡಬ್ಬಿ ಎರಡೂ ಮೇಲಿನ ಹಲಗೆ ಏರುತ್ತಿದ್ದವು. ಅವರು ತಿರುಗಿ ಬರುವ ಶನಿವಾರದ ತನಕ ಎರಡು ಹೊತ್ತೂ ಗಂಜಿ, ಬೇಯಿಸಿದ ಆಲೂಗಡ್ಡೆ, ಚಿಟಿಕೆ ಉಪ್ಪು. ಕರಿದದ್ದಿಲ್ಲ, ಸಿಹಿ ಇಲ್ಲ, ಮೊಟ್ಟೆಯೂ ಇಲ್ಲ.

ಈ ಕಟ್ಟಳೆ ಹಾಕಿದವಳು ಆ ಮನೆಯ ಸೊಸೆ. ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಆಕೆ ಹೊಲಿಗೆಯಮ್ಮ. ಗಂಡ ತೂಕದ ಯಂತ್ರಗಳ ಕಂಪನಿಯಲ್ಲಿ ಮೆಕ್ಯಾನಿಕ್ಕು, ಹಾಗಾಗಿ ಅವರು ತಕ್ಕಡಿಯವರು. ಊರೂರಿನ ಗಿರಣಿ, ಗೋದಾಮುಗಳಿಗೆ ಹೋಗಿ ತಕ್ಕಡಿ ಬಿಚ್ಚಿ, ಸರಿಮಾಡಿ, ಮುದ್ರೆ ಒತ್ತಿ ಬರುವ ಕೆಲಸ. ತಿಂಗಳಲ್ಲಿ ಎರಡು ವಾರ ಟೂರು. ಮದುವೆಯಾದ ಎರಡನೇ ವರ್ಷ ಮೊದಲ ಟೂರು ಮುಗಿಸಿ ಬಂದಾಗ, ಹೊಟ್ಟೆಗೆ ಏನು ಮಾಡಿದಿರಿ ಎಂದು ಕೇಳಿದ್ದಳು.

"ಏನಿರುತ್ತೆ? ನೀನು ಕಟ್ಟಿಕೊಟ್ಟ ಬ್ರೆಡ್ಡು, ಬಸ್ ಸ್ಟ್ಯಾಂಡಿನ ಟೀ," ಎಂದಿದ್ದರು ತಕ್ಕಡಿಯವರು.

ಹೊಲಿಗೆಯಮ್ಮನ ಕರುಳು ಚುರುಕ್ ಎಂದಿತು. ಗಂಡ ಹೊರಗೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ದುಡಿಯುವಾಗ ಮನೆಯಲ್ಲಿ ಕರಿದು ಹುರಿದು ತಿಂದರೆ ಅದು ಮೈಗೆ ಹತ್ತೀತೇ? ಮುಂದಿನ ಟೂರಿನಿಂದಲೇ ಗಂಜಿ ಶುರುವಾಯಿತು. ಮೂವತ್ತನಾಲ್ಕು ವರ್ಷ ನಡೆಯಿತು. ಒಬ್ಬಳೇ ಮಗಳ ಹತ್ತನೇ ಹುಟ್ಟುಹಬ್ಬ ಟೂರಿನ ವಾರದಲ್ಲೇ ಬಂತು. ಕೇಕು ಬೇಕೆಂದು ರಚ್ಚೆ ಹಿಡಿದ ಹುಡುಗಿಗೆ, "ಅಪ್ಪ ಅಲ್ಲಿ ಒಣ ಬ್ರೆಡ್ಡು ತಿಂತಿರುವಾಗ ನಿನಗೆ ಕೇಕು ಇಳಿಯುತ್ತೇನೇ?" ಎಂದು ಅಮ್ಮ ಕೇಳಿದ್ದಳು. ಹುಡುಗಿ ಕಣ್ಣೊರೆಸಿಕೊಂಡು ಗಂಜಿ ಬಟ್ಟಲ ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿ ಆರಿಸಿದಳು. ಶನಿವಾರ ಬಂದ ಅಪ್ಪನಿಗೆ ಈ ಸಂಗತಿ ಹೇಳಿದಾಗ ಅವರು ಊಟದ ತಟ್ಟೆ ಸರಿಸಿ ಅತ್ತುಬಿಟ್ಟರು. ಮನೆಗೆ ಯಾರೇ ನೆಂಟರು ಬರಲಿ, ಹೊಲಿಗೆಯಮ್ಮ ಈ ಕಥೆ ಹೇಳದೆ ಕಾಫಿ ಲೋಟ ಎತ್ತುತ್ತಿರಲಿಲ್ಲ.

ತಕ್ಕಡಿಯವರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಮದುವೆ ಬೇಡವೆಂದು ಕೂತಿದ್ದ ಮಗಳಿಗೆ ಮೂವತ್ತಾರು, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಒಂದು ದಿನ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

"ನಿಮ್ಮಿಬ್ಬರ ಮದುವೆ ಆಗಿ ನಲವತ್ತು ವರ್ಷ. ಐದು ದಿನ ಎಲ್ಲಾದರೂ ಹೋಗಿಬನ್ನಿ. ಎರಡು ಊರು ಸಾಕು, ಒಂದು ಬೆಟ್ಟದ ಊರು, ಒಂದು ಬಂದರಿನ ಊರು. ಅಜ್ಜಿಯನ್ನ ನಾನು ನೋಡ್ಕೋತೀನಿ. ಆದರೆ ಒಂದು ಷರತ್ತು. ಊರಿಗೊಂದು ಒಳ್ಳೇ ಊಟ. ಬಿಳಿ ಬಟ್ಟೆ ಹಾಸಿರೋ ಟೇಬಲ್ಲು, ಕೈಗೆ ಮೆನು ಕೊಡೋ ಅಂಥಾ ಜಾಗ."

"ನಮಗ್ಯಾಕಮ್ಮ ಅಂಥಾದ್ದೆಲ್ಲ," ಎಂದಳು ಅಮ್ಮ. ಬಾಯಿ ಹಾಗೆಂದಿತೇ ಹೊರತು ಮನಸ್ಸು ಆಗಲೇ ಯಾವ ಸೀರೆ ಉಡಲಿ ಎಂದು ಲೆಕ್ಕ ಹಾಕುತ್ತಿತ್ತು.

ಮಗಳು ಫೋನು ತೆಗೆದು ಒಂದೊಂದೇ ಹೋಟೆಲಿನ ವರ್ಣನೆ ಓದತೊಡಗಿದಳು. "ಅಪ್ಪ, ಇಲ್ಲಿ ಕೇಳಿ. ಸಮುದ್ರ ಕಾಣೋ ಮಹಡಿ, ನೂರಾ ಇಪ್ಪತ್ತು ಬಗೆ ಊಟ. ನಾಲ್ಕೂವರೆ ಸ್ಟಾರು ಬಂದಿದೆ."

"ನೂರಾ ಇಪ್ಪತ್ತು ಬಗೆ ಮಾಡೋನು ಯಾವುದನ್ನೂ ಆವತ್ತು ಮಾಡಿರಲ್ಲ," ಎಂದರು ಅಪ್ಪ, ತಟ್ಟೆಯಿಂದ ಕಣ್ಣೆತ್ತದೆ. "ಮೆನು ಒಂದೇ ಹಾಳೇಲಿ ಇರಬೇಕು. ಇನ್ನು ಸಮುದ್ರ ಕಾಣೋ ಕಡೆ ಹೋದರೆ ಸಮುದ್ರಕ್ಕೂ ಸೇರಿಸಿ ಬಿಲ್ಲು ಹಾಕ್ತಾರೆ. ಎರಡು ಬೀದಿ ಒಳಗೆ ನೋಡು."

"ಲಾಡ್ಜಿನೋರನ್ನ ಕೇಳಿದರೆ ಹೇಳ್ತಾರೆ ಅಲ್ವಾ?"

"ಅವರಿಗೆ ಕಮಿಷನ್ ಇರುತ್ತೆ. ಔಷಧಿ ಅಂಗಡಿಯೋನ್ನ ಕೇಳಬೇಕು, ನಿನ್ನ ಹೆಂಡತಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯಾ ಅಂತ. ಸೋಮವಾರ ಮೀನು ಮುಟ್ಟಬಾರದು, ಹಳೇದಿರುತ್ತೆ. ರಾತ್ರಿಗಿಂತ ಮಧ್ಯಾಹ್ನ ಹೋಗು. ಅದೇ ಒಲೆ, ಅದೇ ಅಡುಗೆಯೋನು, ರೇಟು ಮಾತ್ರ ಅರ್ಧ."

ಮಗಳು ಫೋನು ಕೆಳಗಿಟ್ಟು ಅಪ್ಪನನ್ನೇ ನೋಡಿದಳು. "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

"ಗಿರಣಿ ಸಾಹುಕಾರರು ಮಾತಾಡ್ಕೊಳ್ಳೋರು. ತಕ್ಕಡಿ ಬಿಚ್ಕೊಂಡು ಕೂತೋನಿಗೆ ಕೈ ತುಂಬ ಕೆಲಸ, ಕಿವಿಗೇನು ಕೆಲಸ?"

ಹೊಲಿಗೆಯಮ್ಮನಿಗೆ ಹೆಮ್ಮೆಯಾಯಿತು. ಪಾಪ, ಬೇರೆಯವರು ತಿಂದದ್ದನ್ನು ಕಿವಿಯಲ್ಲಿ ಕೇಳಿಯೇ ಇಷ್ಟು ತಿಳಿದುಕೊಂಡಿದ್ದಾರಲ್ಲ ಎಂದುಕೊಂಡು ಗಂಡನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಎಂಬತ್ತೆಂಟರ ಅತ್ತೆ ಹಲ್ಲಿಲ್ಲದ ಬಾಯಲ್ಲಿ ಏನನ್ನೋ ಮೆಲ್ಲುತ್ತ ಕಿಸಕ್ಕೆಂದರು.

"ಯಾಕತ್ತೆ ನಗ್ತೀರಿ?"

"ಏನಿಲ್ಲ ಕಣೇ. ಮುಳ್ಳು ಸಿಕ್ತು."

ಮುಂದಿನ ಎರಡು ವಾರ ಮನೆಯಲ್ಲಿ ಅದೇ ಮಾತು. ಹೊಲಿಗೆಯಮ್ಮ ಊರಿನ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ತನಗೊಂದು ರವಿಕೆ ಹೊಲಿದುಕೊಂಡಳು, ಅದಕ್ಕೆ ತೋಳಿನ ಅಂಚಿಗೆ ಪೈಪಿಂಗ್ ಬೇರೆ. ಬೆಟ್ಟದ ಊರಿನ ಹೋಟೆಲು ಗೊತ್ತಾಯಿತು. ಬಂದರಿನ ಊರಿನದಕ್ಕೆ ಮಾತ್ರ ಅಪ್ಪ ಮಗಳಿಗೆ ಜಟಾಪಟಿ. ಎಲ್ಲರೂ ಹೊಗಳುವ ಒಂದು ಹಳೇ ಹೋಟೆಲಿತ್ತು, ಸಮುದ್ರದಿಂದ ಎರಡು ಬೀದಿ ಒಳಗೆ, ಒಂದೇ ಹಾಳೆಯ ಮೆನು.

"ನೀವು ಹೇಳಿದ ಲಕ್ಷಣ ಎಲ್ಲ ಇದೆಯಲ್ಲಪ್ಪ, ಇದು ಯಾಕೆ ಬೇಡ?"

"ಬೇಡ ಅಂದರೆ ಬೇಡ. ಬೇರೆ ನೋಡು."

"ಕಾರಣ ಹೇಳಿ."

"ನೆಲ ಜಾರುತ್ತೆ. ನಿಮ್ಮಮ್ಮನಿಗೆ ಮಂಡಿ ನೋವು."

ನೆಲ ಜಾರುವುದು ನಿಮಗೆ ಹೇಗೆ ಗೊತ್ತು ಎಂದು ಮಗಳು ಕೇಳುವಷ್ಟರಲ್ಲಿ ಅಪ್ಪ ಬಿ.ಪಿ. ಮಾತ್ರೆ ತರಲು ಹೊರಟಾಗಿತ್ತು. ಅವಳೂ ಹಟಮಾರಿ. ಅಪ್ಪನಿಗೆ ಗೊತ್ತಾಗದ ಹಾಗೆ ಅಲ್ಲೇ ಟೇಬಲ್ಲು ಹಿಡಿಸಿ ಅಚ್ಚರಿಪಡಿಸುತ್ತೇನೆ ಎಂದು ಅಡುಗೆಮನೆಯಿಂದಲೇ ನಂಬರು ಒತ್ತಿದಳು. ಕೈ ತುಂಬ ಹಿಟ್ಟು, ಹಾಗಾಗಿ ಫೋನನ್ನು ಹಲಗೆಯ ಮೇಲಿಟ್ಟು ಸ್ಪೀಕರ್ ಹಾಕಿದಳು. ಹೊಲಿಗೆಯಮ್ಮ ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು.

ಆ ಕಡೆಯಿಂದ ವಯಸ್ಸಾದ ಗಂಡು ದನಿ, ಬಹಳ ಮರ್ಯಾದಸ್ಥ. ಯಾವ ಹೆಸರಿಗೆ ಎಂದು ಕೇಳಿದರು. ಮಗಳು ಅಪ್ಪನ ಪೂರ್ತಿ ಹೆಸರು ಹೇಳಿದಳು.

"ತೂಕದ ಮೆಷಿನ್ ಕಂಪನಿಯ ಸಾರ್ ಅಲ್ವಾ?"

ಮಗಳು ಅಮ್ಮನ ಮುಖ ನೋಡಿದಳು. "ಹೌದು."

"ನೋಡಿ, ನಾಲ್ಕು ವರ್ಷ ಆಗೋಯ್ತು. ಆರೋಗ್ಯವಾಗಿದಾರಾ? ತಿಂಗಳಿಗೆ ಎರಡು ಸಲ ತಪ್ಪಿಸ್ತಿರಲಿಲ್ಲ. ಅವರ ಕಂಬದ ಪಕ್ಕದ ಟೇಬಲ್ಲೇ ಇಟ್ಟಿರ್ತೀನಿ ಅಂತ ಹೇಳಿ. ಒಬ್ಬರೇ ತಾನೆ?"

"ಇಲ್ಲ. ಇಬ್ಬರು."

"ಇಬ್ಬರಾ?" ದನಿಯಲ್ಲಿ ನಗು ತುಂಬಿತು. "ಬಹಳ ಸಂತೋಷ. ಬಹಳ ಸಂತೋಷ ಆಯ್ತು ಅಂತ ಹೇಳಿ."

ಫೋನು ತಾನಾಗಿಯೇ ನಿಂತಿತು. ಮಗಳ ಕೈಯ ಹಿಟ್ಟು ಒಣಗುತ್ತಿತ್ತು. ಹೊಲಿಗೆಯಮ್ಮ ಉಳಿದ ಅರ್ಧ ಈರುಳ್ಳಿಯನ್ನೂ ಹೆಚ್ಚಿ ಮುಗಿಸಿದಳು, ಮೊದಲಿಗಿಂತ ಸಣ್ಣಗೆ.

"ಅಮ್ಮ, ಯಾರಾದರೂ ಗಿರಾಕಿ ಕರ್ಕೊಂಡು ಹೋಗಿರಬಹುದು."

"ತಿಂಗಳಿಗೆ ಎರಡು ಸಲಾನಾ?" ಎಂದಳು ಅಮ್ಮ.

ಮಧ್ಯಾಹ್ನ ಗಂಡನ ತಟ್ಟೆಗೆ ಅನ್ನ ಬಡಿಸುತ್ತ, ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. "ಬಂದರಿನ ಊರಲ್ಲಿ ಕಂಬದ ಪಕ್ಕದ ಟೇಬಲ್ಲು ಸಿಕ್ಕಿದೆಯಂತೆ."

ತಕ್ಕಡಿಯವರ ಕೈ ತಟ್ಟೆಯಲ್ಲೇ ನಿಂತಿತು. ಸುಳ್ಳು ಹೇಳಲು ಬಾಯಿ ತೆರೆದರು, ಆದರೆ ಸುಳ್ಳು ಒದಗಲಿಲ್ಲ.

"ಎಷ್ಟು ವರ್ಷದಿಂದ?" ಎಂದಳು.

"ಮೊದಲಿಂದ."

"ಒಂದೇ ಹೋಟೆಲಾ?"

"ಊರಿಗೊಂದು."

"ದುಡ್ಡು?"

"ಕಂಪನಿದು. ಬಿಲ್ಲು ತೋರಿಸಿದರೆ ಕೊಡೋರು. ತಿಂದರೆ ಉಂಟು, ತಿನ್ನದಿದ್ದರೆ ಒಂದು ಕಾಸೂ ಇಲ್ಲ. ಮನೆಗೆ ತರೋ ದುಡ್ಡಾಗಿರಲಿಲ್ಲ ಕಣೇ, ನಿಮ್ಮ ಬಾಯಿಂದ ಕಿತ್ತು ನಾನು ತಿನ್ನಲಿಲ್ಲ."

"ನಾನು ಬೆಳಗಾಗೆದ್ದು ಕಟ್ಟಿಕೊಡ್ತಿದ್ದ ಬ್ರೆಡ್ಡು?"

"ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಕೊಡ್ತಿದ್ದೆ."

ಹೊಲಿಗೆಯಮ್ಮ ಅನ್ನದ ಪಾತ್ರೆಯನ್ನು ಕುಕ್ಕಿ ಇಟ್ಟಳು. "ಗಂಜಿ ಬೇಡ ಕಣೇ, ನಾನು ಅಲ್ಲಿ ಚೆನ್ನಾಗೇ ತಿಂತಿದೀನಿ, ನೀವೂ ತಿನ್ನಿ ಅಂತ. ಇಷ್ಟೇ ಮಾತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲ ಹೇಳೋದಕ್ಕೆ ನಿಮಗೆ ಪುರುಸೊತ್ತಾಗಲಿಲ್ಲ."

"ಮೊದಲನೇ ಸಲ ಏನೋ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಮುಂದಿನ ಸಲ ಬರೋ ಹೊತ್ತಿಗೆ ನೀನು ಗಂಜಿ ಶುರು ಮಾಡಿದ್ದೆ. ಆಮೇಲೆ ಹೇಗೆ ಹೇಳಲಿ? ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ ನೀನು."

"ಓಹೋ, ತಪ್ಪು ನನ್ನದು."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ನನ್ನ ಹತ್ತನೇ ಹುಟ್ಟುಹಬ್ಬದ ವಾರ ಬಂದು ಅತ್ತಿರಲ್ಲ. ಅದು ಯಾಕೆ?"

"ನಾಚಿಕೆಯಾಯ್ತಮ್ಮ."

"ಮುಂದಿನ ಟೂರಿಗೆ ಮತ್ತೆ ಅಲ್ಲಿಗೇ ಹೋದ್ರಾ?"

ತಕ್ಕಡಿಯವರು ತಟ್ಟೆಯ ಅನ್ನ ಕಲಸತೊಡಗಿದರು. ಮೂಲೆಯ ಕುರ್ಚಿಯಿಂದ ಅತ್ತೆ ಬಾಯಿ ಹಾಕಿದರು.

"ಬಿಡ್ರೇ ಅವನನ್ನ. ಏನು ಕಳ್ಳತನ ಮಾಡಿದನಾ, ಕುಡಿದು ಬಂದನಾ? ಎರಡು ತುತ್ತು ಬಾಯಿಗೆ ರುಚಿಯಾಗಿ ತಿಂದ. ಬಂದು ನನಗೆಲ್ಲ ಹೇಳ್ತಿದ್ದ, ಮಗ."

ಹೊಲಿಗೆಯಮ್ಮ ನಿಧಾನವಾಗಿ ಆ ಕಡೆ ತಿರುಗಿದಳು. ಟೂರಿನಿಂದ ಬಂದ ದಿನ ಗಂಡ ಒಂದು ಗಂಟೆ ಅತ್ತೆಯ ಕೋಣೆಯಲ್ಲಿ ಕಾಲು ಒತ್ತುತ್ತ ಕೂತಿರುತ್ತಿದ್ದರು. ಎಂಥ ಮಗ ಎಂದು ತಾನು ಬಾಗಿಲು ಮುಂದೆ ಮಾಡಿ, ಸದ್ದಾಗದ ಹಾಗೆ ಓಡಾಡುತ್ತಿದ್ದುದು ನೆನಪಾಯಿತು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಸೂಪಿಂದ ಹಿಡಿದು ಕೊನೇ ಸಿಹಿವರೆಗೂ ಹೇಳೋನು. ಅವನು ಹೇಳ್ತಿದ್ದರೆ ನಾನೇ ತಿಂದ ಹಾಗಾಗೋದು. ಇಲ್ಲದಿದ್ದರೆ ನಿನ್ನ ಆ ಗಂಜಿ ಗಂಟಲಲ್ಲಿ ಇಳೀತಿತ್ತಾ?"

ಅವತ್ತು ಹೊಲಿಗೆಯಮ್ಮ ಊಟ ಮಾಡಲಿಲ್ಲ. ಮೋಸ ಹೋದೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಗಂಡ ತಿಂದದ್ದಕ್ಕೆ ಅಷ್ಟು ಉರಿಯಲಿಲ್ಲ. ತಾನು ಅಷ್ಟು ವರ್ಷ ಪ್ರೀತಿ ಎಂದುಕೊಂಡು ಮಾಡಿದ್ದನ್ನು ಆ ತಾಯಿ ಮಗ ಬಾಗಿಲ ಹಿಂದೆ ಕೂತು ನೋಡುತ್ತಿದ್ದರಲ್ಲ, ಅದು ಸಹಿಸಲಾಗಲಿಲ್ಲ. ಮಗುವಿನ ಬಾಯಿಗೆ ಬೀಗ ಹಾಕಿದವಳು ತಾನೇ ಎಂಬುದು ಇನ್ನೂ ಹೆಚ್ಚು ಚುಚ್ಚಿತು.

ಹತ್ತು ದಿನ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಹೆಚ್ಚು. ಅಡುಗೆಯೇನೋ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಗಂಡನಿಗೆ ಬಡಿಸುತ್ತಿದ್ದಳು, ಇನ್ನು ಸ್ವಲ್ಪ ಎಂದು ಕೇಳುವುದನ್ನು ಬಿಟ್ಟಳು. ತಕ್ಕಡಿಯವರು ಕೇಳದೆಯೇ ನೀರು ತುಂಬಿದರು, ಮೆಷಿನ್ನಿಗೆ ಎಣ್ಣೆ ಬಿಟ್ಟರು, ಕಾಜಾ ಗುಂಡಿ ಹಚ್ಚಿಕೊಡಲು ಬಂದು ಬೆರಳಿಗೆ ಸೂಜಿ ಚುಚ್ಚಿಕೊಂಡರು. ಮಗಳು ಟೂರು ರದ್ದು ಮಾಡಲಾ ಎಂದು ಅಮ್ಮನನ್ನು ಎರಡು ಸಲ ಕೇಳಿದಳು.

"ಇರು, ಯೋಚನೆ ಮಾಡ್ತೀನಿ," ಎನ್ನುತ್ತಿದ್ದಳು ಅಮ್ಮ.

ಹನ್ನೊಂದನೆಯ ದಿನ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗದ ಆ ತುದಿಯಲ್ಲಿ ನಿಂತಿದ್ದ ಗಂಡನನ್ನು ಕೇಳಿದಳು. "ಜೊತೆಗೆ ಯಾರಾದರೂ ಇರ್ತಿದ್ರಾ? ಹೆಂಗಸು?"

"ಇಲ್ಲ. ಒಬ್ಬನೇ."

"ಒಬ್ಬರೇ ಕೂತು ಏನು ಮಾಡ್ತಿದ್ರಿ?"

ಅವರು ಒದ್ದೆ ಟವೆಲು ಹಿಂಡಿದರು. "ಏನೂ ಇಲ್ಲ. ದಿನವೆಲ್ಲ ಗಿರಣಿಯಲ್ಲಿ ಏಯ್ ತಕ್ಕಡಿ, ಬಾ ಇಲ್ಲಿ ಅನ್ನಿಸ್ಕೊಂಡು, ಮೈಯೆಲ್ಲ ಧೂಳು. ಮನೆಗೆ ಬಂದರೆ ಅದು ತಂದ್ರಾ, ಇದು ಕಟ್ಟಿದ್ರಾ. ಅಲ್ಲಿ ಒಬ್ಬ ಬಂದು, ನಿಮಗೇನು ಕೊಡಲಿ ಸಾರ್ ಅಂತ ಕೇಳೋನು. ಅಷ್ಟೇ. ಅದು ಹಿಡಿಸಿಬಿಡ್ತು."

ಹೊಲಿಗೆಯಮ್ಮ ಬಟ್ಟೆಗೆ ಕ್ಲಿಪ್ಪು ಹಾಕಿದಳು. ತನ್ನನ್ನು ಹಾಗೆ ಯಾರು ಯಾವಾಗ ಕೇಳಿದ್ದರು ಎಂದು ನೆನಪು ಮಾಡಿಕೊಂಡಳು. ಯಾರೂ ಕೇಳಿರಲಿಲ್ಲ. ಅವಳ ಸಿಟ್ಟು ಅಲ್ಲೇ ಒಂದು ಮೆಟ್ಟಿಲು ಇಳಿಯಿತು.

"ಸರಿ, ಹೋಗೋಣ. ನನ್ನನ್ನೂ ಕೇಳಲಿ. ಆದರೆ ಇನ್ನೇನಾದರೂ ಮುಚ್ಚಿಟ್ಟಿದ್ರೆ ಈಗಲೇ ಹೇಳಿಬಿಡಿ. ಇಲ್ಲೇ ಹೇಳಿ, ಇಲ್ಲೇ ಜಗಳ ಆಡಿ ಮುಗಿಸ್ತೀನಿ. ಅಲ್ಲಿಗೆ ಹೋಗಿ ಬೇರೆಯವರ ಬಾಯಲ್ಲಿ ಕೇಳೋ ಹಾಗೆ ಮಾಡಬೇಡಿ. ಅದೊಂದನ್ನ ನಾನು ತಡ್ಕೊಳ್ಳಲ್ಲ."

"ಇನ್ನೇನೂ ಇಲ್ಲ."

"ಮಗಳ ಮೇಲೆ ಆಣೆ?"

"ಇಲ್ಲ ಅಂದೆನಲ್ಲ," ಎಂದು ಅವರು ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.

ಬೆಟ್ಟದ ಊರಿನ ಊಟ ಚೆನ್ನಾಗಿಯೇ ಆಯಿತು. ಬಂದರಿನ ಊರಿಗೆ ಬುಧವಾರ ತಲುಪಿ, ಮಧ್ಯಾಹ್ನವೇ ಆ ಹೋಟೆಲಿಗೆ ಹೋದರು. ನೆಲ ಜಾರುತ್ತಿರಲಿಲ್ಲ. ಎತ್ತರದ ಕಿಟಕಿಗಳು, ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹೊದ್ದ ಹತ್ತೇ ಟೇಬಲ್ಲುಗಳು, ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಟೇಬಲ್ಲಿನ ಬಟ್ಟೆಯ ಅಂಚನ್ನು ಕೈಯಲ್ಲೇ ಮಡಿಚಿ ಹೊಲಿದಿದ್ದಾರೆ ಎಂಬುದು ಹೊಲಿಗೆಯಮ್ಮನ ಕಣ್ಣಿಗೆ ಮೊದಲು ಬಿತ್ತು. ಕಂಬದ ಪಕ್ಕದ ಟೇಬಲ್ಲು ಒಬ್ಬರಿಗಷ್ಟೇ ಸಾಲುವಂಥದ್ದು. ಎರಡನೇ ಕುರ್ಚಿ ಹಾಕಲು ಅಲ್ಲಿದ್ದ ಹೂವಿನ ಕುಂಡವನ್ನು ಪಕ್ಕಕ್ಕೆ ಸರಿಸಿದ್ದರು.

ತಲೆಯೆಲ್ಲ ಬೆಳ್ಳಗಾದ ವೇಟರ್ ಬಂದು ತಕ್ಕಡಿಯವರ ಕೈ ಹಿಡಿದುಕೊಂಡರು. ಫೋನಿನಲ್ಲಿ ಕೇಳಿದ ಅದೇ ದನಿ. ಆಮೇಲೆ ಹೊಲಿಗೆಯಮ್ಮನ ಕಡೆ ಬಾಗಿ, ಒಂದೇ ಹಾಳೆಯ ಮೆನು ಕೊಟ್ಟು ಕೇಳಿದರು. "ನಿಮಗೇನು ಕೊಡಲಿ ಅಮ್ಮ?"

"ಅವಳಿಗೆ ಸೂಪು, ಆಮೇಲೆ ಆ ಆವಿಯಲ್ಲಿ ಬೇಯಿಸಿದ..." ಎಂದು ಗಂಡ ಶುರು ಮಾಡಿದರು.

"ನನ್ನನ್ನ ಕೇಳ್ತಿರೋದು," ಎಂದಳು ಆಕೆ. ಮೆನುವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಅರ್ಥವಾಗದ್ದನ್ನು ನಾಚಿಕೆ ಇಲ್ಲದೆ ಕೇಳಿ ತಿಳಿದುಕೊಂಡಳು. ಅಣಬೆಯ ಸೂಪು, ಬೆಣ್ಣೆಯಲ್ಲಿ ಬೇಯಿಸಿದ ಮೀನು, ಹುರಿದ ಗೆಣಸು ಹೇಳಿದಳು.

ಸೂಪು ಬಂತು. ಅಂಥ ರುಚಿ ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅರ್ಧ ಬಟ್ಟಲು ಮುಗಿಯುವ ಹೊತ್ತಿಗೆ ಮೈ ಸಡಿಲವಾಯಿತು, ಮೀನಿನ ಮೊದಲ ತುಂಡಿಗೆ ಮನಸ್ಸೂ ಸಡಿಲವಾಯಿತು. ಎದುರಿಗೆ ಕೂತ ಗಂಡ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದರು. ಹೋಗಲಿ ಬಿಡಿ, ಆದದ್ದಾಯ್ತು ಎಂದು ಹೇಳಿಬಿಡೋಣ, ಊಟ ಮುಗಿಯುವಷ್ಟರಲ್ಲಿ ಹೇಳಿಬಿಡೋಣ ಎಂದುಕೊಂಡಳು. ಅವಳು ನಿಜವಾಗಿಯೂ ಹಾಗೆ ಅಂದುಕೊಂಡಿದ್ದಳು.

ಅಷ್ಟರಲ್ಲಿ ವೇಟರ್ ಒಂದು ಪುಟ್ಟ ಕೇಕು ತಂದು ಇಬ್ಬರ ನಡುವೆ ಇಟ್ಟರು. ಮೇಲೆ ಸಕ್ಕರೆಯ ಹೂವು. ಅಡುಗೆಮನೆಯ ಬಾಗಿಲಿಂದ ಬಿಳಿ ಟೋಪಿಯ ಅಡುಗೆಯವನು ಇಣುಕಿ ನಕ್ಕ.

"ಇದನ್ನ ನಾನು ಹೇಳಲಿಲ್ಲ," ಎಂದಳು ಹೊಲಿಗೆಯಮ್ಮ.

"ಇದು ನಮ್ಮ ಕಡೆಯಿಂದ ಅಮ್ಮ. ಮದುವೆಗೆ."

"ಮಗಳು ಹೇಳಿದ್ಲಾ, ನಲವತ್ತು ವರ್ಷ ಆಯ್ತು ಅಂತ?"

ವೇಟರ್ ಗಲಿಬಿಲಿಗೊಂಡರು. "ನಲವತ್ತಾ? ಇಲ್ಲಮ್ಮ, ಈಗ ಆಗಿರೋ ಮದುವೆಗೆ. ಸಾರ್ ಮತ್ತೆ ಮದುವೆ ಆಗ್ತಾರೆ ಅಂತ ನಾವ್ಯಾರೂ ಅಂದ್ಕೊಂಡಿರಲಿಲ್ಲ. ಮೊದಲನೇ ಅಮ್ಮನವರು ಹೋದ ಮೇಲೆ ಎಷ್ಟು ವರ್ಷ ಒಂಟಿಯಾಗಿದ್ದೋರು."

"ಆಯ್ತು, ನೀವು ಒಳಗೆ ಹೋಗಿ, ಆಮೇಲೆ ಮಾತಾಡೋಣ," ಎಂದರು ತಕ್ಕಡಿಯವರು. ಅವರ ಮುಖ ಟೇಬಲ್ಲಿನ ಬಟ್ಟೆಗಿಂತ ಬಿಳುಪಾಗಿತ್ತು.

"ಇರಲಿ, ಹೇಳಲಿ," ಎಂದಳು ಹೊಲಿಗೆಯಮ್ಮ. "ಇವರು ನನ್ನ ಹತ್ತಿರ ಅದನ್ನೆಲ್ಲ ಹೇಳೋದಿಲ್ಲ. ಏನಾಗಿತ್ತಂತೆ ಅವರಿಗೆ?"

"ಜ್ವರ ಬಂತಂತೆ. ಮದುವೆಯಾದ ಎರಡನೇ ವರ್ಷಕ್ಕೇ." ವೇಟರ್ ದನಿ ತಗ್ಗಿಸಿದರು. "ನಾನೇ ಒಂದು ಸಲ ಬಾಯಿ ತಪ್ಪಿ ಕೇಳಿಬಿಟ್ಟಿದ್ದೆ, ಮನೆಯವರನ್ನೂ ಕರ್ಕೊಂಡು ಬನ್ನಿ ಸಾರ್ ಅಂತ. ಆಗ ಹೇಳಿದ್ರು. ಅವತ್ತಿಂದ ನಮ್ಮ ಅಡುಗೆಯೋರು ಇವರ ತಟ್ಟೆಗೆ ಅಂತ ಏನಾದರೊಂದು ಹೆಚ್ಚಿಗೆ ಹಾಕಿ ಕಳಿಸೋರು. ಮನೇಲಿ ಮಾಡಿಕ್ಕೋರು ಯಾರೂ ಇಲ್ವಲ್ಲ, ಪಾಪ."

ಹೊಲಿಗೆಯಮ್ಮ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು. ಮನೆಯಲ್ಲಿ, ಹೊರಗೆ ಉಪವಾಸ ಇರುವವನೆಂದು ಕನಿಕರ, ಇಲ್ಲಿ ಹೆಂಡತಿ ಸತ್ತವನೆಂದು ಕನಿಕರ. ಎರಡೂ ಕಡೆ ಕೈ ಚಾಚಿ ಈ ಮನುಷ್ಯ ಹೊಟ್ಟೆ ತುಂಬಿಸಿಕೊಂಡಿದ್ದರು. ಒಂದು ಸಲ ಕರೆದುಕೊಂಡು ಬನ್ನಿ ಎಂದು ಯಾರೋ ಒಬ್ಬರು ಪ್ರೀತಿಯಿಂದ ಹೇಳಿದ್ದಕ್ಕೆ, ಕರೆದುಕೊಂಡು ಬರುವುದಕ್ಕಿಂತ ಸಾಯಿಸುವುದೇ ಸುಲಭ ಎನಿಸಿತ್ತು ಇವರಿಗೆ. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಅಳುವುದಕ್ಕೂ ಎದುರಿಗೆ ತನ್ನವರು ಅನ್ನುವವರು ಯಾರಾದರೂ ಬೇಕಲ್ಲ.

"ನಿಮಗೆ ಬೇಜಾರಾಯ್ತೇನೋ ಅಮ್ಮ, ಹಳೇ ವಿಷಯ ಎತ್ತಿಬಿಟ್ಟೆ," ಎಂದರು ವೇಟರ್. "ಒಟ್ಟಿನಲ್ಲಿ ಮದುವೆ ಆದ್ರಲ್ಲ, ನೂರು ಕಾಲ ಚೆನ್ನಾಗಿರಿ."

ತಕ್ಕಡಿಯವರು ಟೇಬಲ್ಲಿನ ಕೆಳಗೆ ಹೆಂಡತಿಯ ಕೈ ಹುಡುಕಿದರು. ಆಕೆ ಎರಡೂ ಕೈಗಳನ್ನು ಮೇಲೆತ್ತಿ ಬಿಳಿ ಬಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಳು.

"ಇಲ್ಲಪ್ಪ, ಮದುವೆ ಆಗಿಲ್ಲ," ಎಂದಳು ವೇಟರ್ ಮುಖ ನೋಡಿ. "ಆಗ್ತೀಯಾ ಅಂತ ಕೇಳೋದಕ್ಕೆ ಇವತ್ತು ಕರ್ಕೊಂಡು ಬಂದಿದಾರೆ. ನಾನು ಒಪ್ಕೊಳ್ಳಲಿಲ್ಲ. ನಮ್ಮಿಬ್ಬರ ಬಿಲ್ಲು ಬೇರೆ ಬೇರೆ ಮಾಡಿಕೊಡಿ."